ಚಿತ್ರಪಟದಲ್ಲಿ ಇಲ್ಲದ ಕರು

1997ರಲ್ಲಿ ನಾನು ನಂಜನಗೂಡಿನಿಂದ ವರ್ಗವಾಗಿ ತಿ. ನರಸೀಪುರ ತಾಲ್ಲೂಕಿಗೆ ಆರೋಗ್ಯ ಶಿಕ್ಷಣಾಧಿಕಾರಿಯಾಗಿ ಬಂದಿದ್ದೆ. ರೋಗಗಳ ಚಿತ್ರಪಟಗಳನ್ನು ಸುರುಳಿ ಸುತ್ತಿಕೊಂಡು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ತಿಳಿಹೇಳುವುದು ನನ್ನ ಕೆಲಸ. ರೇಬಿಸ್ ಪಟದಲ್ಲಿ ನಾಲಿಗೆ ಚಾಚಿ ಜೊಲ್ಲು ಸುರಿಸುವ ಕಪ್ಪು ನಾಯಿಯಿತ್ತು. "ಈ ಕಾಯಿಲೆ ಯಾವುದರಿಂದ ಬರುತ್ತೆ?" ಎಂದು ಕೇಳಿದರೆ ತರಗತಿಯೆಲ್ಲ ಒಟ್ಟಿಗೆ "ನಾಯಿಯಿಂದ ಸಾ" ಎಂದು ಕೂಗಬೇಕು. ಕೂಗಿದರೆ ಪಾಠ ಮುಟ್ಟಿತೆಂದು ನಂಬಿದ್ದೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಹೆಮ್ಮಿಗೆ ಕಡೆಯ ಹಳ್ಳಿಯೊಂದರಿಂದ ಹನ್ನೊಂದು ವರ್ಷದ ಸವಿತಾಳನ್ನು ಅವಳ ತಾಯಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತಂದಳು. ಬಲಗೈ ಜುಮುಜುಮು ಎನ್ನುತ್ತದೆ, ಸರಿಯಾಗಿ ನಿದ್ದೆಯಿಲ್ಲ ಎಂದು ದೂರು. ನಾನು ಅಲ್ಲೇ ಗೋಡೆಗೆ ರೇಬಿಸ್ ಪಟ ತೂಗುಹಾಕುತ್ತಿದ್ದೆ. ಅಷ್ಟರಲ್ಲಿ ಹೋಗಿದ್ದ ಕರೆಂಟು ಬಂತು. ಫ್ಯಾನಿನ ಗಾಳಿ ಮುಖಕ್ಕೆ ತಾಗಿದ್ದೇ ತಡ, ಹುಡುಗಿಯ ಕತ್ತು ಸೆಟೆದುಕೊಂಡಿತು. ಒಳಗಿನಿಂದ ಯಾರೋ ಹಿಡಿದು ಎಳೆದಂತೆ ಗಂಟಲ ನರಗಳು ಎದ್ದು ನಿಂತವು. ಓಡಿಹೋಗಿ ಫ್ಯಾನ್ ನಿಲ್ಲಿಸಿದೆ. ಮರುಕ್ಷಣ ಅವಳು ಏನೂ ಆಗಿಯೇ ಇಲ್ಲವೆಂಬಂತೆ ಲಂಗ ಸರಿಮಾಡಿಕೊಂಡು ಕುಳಿತಳು. ನನ್ನನ್ನು ಹೆಚ್ಚು ಹೆದರಿಸಿದ್ದು ಅದು.

ಗಾಳಿ ತಾಗಿದರೆ ಹೀಗೆ ಸೆಟೆಯುವುದು ರೇಬಿಸ್‌ನ ಗುರುತೆಂದು ಡಾಕ್ಟರಿಗೆ ಗೊತ್ತಿತ್ತು. "ನಾಯಿ ಏನಾದ್ರೂ ಕಚ್ಚಿತ್ತೇನಮ್ಮ?"

"ಇಲ್ಲ ಸಾ. ನಮ್ ಬೀದೀಲಿ ನಾಯೇ ಇಲ್ಲ," ಎಂದಳು ತಾಯಿ. ಡಾಕ್ಟರು ಮತ್ತೆ ಮತ್ತೆ ಕೇಳಿದರು. ಉತ್ತರ ಬದಲಾಗಲಿಲ್ಲ.

ಸವಿತಾ ಮಾತ್ರ ಪಟವನ್ನೇ ನೋಡುತ್ತಿದ್ದಳು. "ಸಾ, ಇದ್ರಲ್ಲಿ ಕರ ಯಾಕ್ ಬರ್ದಿಲ್ಲ? ನಮ್ ದೊಡ್ಡಪ್ಪನ ಮನೆ ಕರನೂ ಇಂಗೇ ಜೊಲ್ ಸುರಿಸ್ತಿತ್ತು."

ಆಮೇಲೆ ತಾಯಿ ಎಲ್ಲ ಹೇಳಿದಳು. ಸಂಕ್ರಾಂತಿ ಕಳೆದ ವಾರ ಆ ಕರು ಮೇವು ನುಂಗಲಾರದೆ, ಒಡೆದ ಸ್ವರದಲ್ಲಿ, ಕರುವಿನ ದನಿಯೇ ಅಲ್ಲವೆಂಬಂತೆ ಕೂಗುತ್ತಿತ್ತಂತೆ. ಗಂಟಲಿಗೆ ಏನೋ ಸಿಕ್ಕಿಕೊಂಡಿದೆ ಎಂದುಕೊಂಡರು. ಹಾಗಾದಾಗ ಬಾಯಿಗೆ ಕೈ ಹಾಕಿ ತೆಗೆಯುವುದು ನಮ್ಮ ಕಡೆ ದನ ಕಟ್ಟಿದವರೆಲ್ಲ ಮಾಡುವ ಕೆಲಸ. ಎಳೆಯ ಕರುವಿನ ಬಾಯಿಗೆ ದೊಡ್ಡವರ ಕೈ ಹಿಡಿಸಲಿಲ್ಲ. ಅದಕ್ಕೇ ಮಕ್ಕಳನ್ನು ಕರೆದರು. ಹಲ್ಲು ತರಚಿ ಸವಿತಾಳ ಬೆರಳಲ್ಲಿ ರಕ್ತ ಬಂದಿತ್ತು. ಗಂಟಲಲ್ಲಿ ಏನೂ ಇರಲಿಲ್ಲ. ರೇಬಿಸ್ ತಗುಲಿದ ಪ್ರಾಣಿಗೆ ನುಂಗುವ ಶಕ್ತಿಯೇ ಹೋಗಿರುತ್ತದೆ. ಮೇಯಲು ಬಿಟ್ಟ ಕಡೆ ಎಲ್ಲೋ ಹುಚ್ಚುನಾಯಿ ಕರುವನ್ನು ಕಚ್ಚಿರಬೇಕು. ಯಾರೂ ಕಂಡಿರಲಿಲ್ಲ.

"ನೀನೊಬ್ಳೇನಾ ಕೈ ಹಾಕಿದ್ದು?" ಎಂದೆ.

"ಇಲ್ಲ ಸಾ. ನಂಗ್ ಎಟಕ್ನಿಲ್ಲ. ಆಮೇಲೆ ಎದುರುಮನೆ ಭಾಗ್ಯ ಆಕುದ್ಲು. ಅವಳ್ ಕೈ ನನ್ಗಿಂತ ಸಣ್ಣದು."

ರೇಬಿಸ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮದ್ದಿಲ್ಲ. ಕಾಣಿಸುವ ಮುನ್ನ ಲಸಿಕೆ ಹಾಕಿದರೆ ಉಳಿಸಬಹುದು. ಸವಿತಾಳನ್ನು ಮೈಸೂರಿಗೆ ಕಳಿಸಿ ನಾನು ಹಳ್ಳಿಗೆ ಜೀಪು ಹತ್ತಿದೆ. ಆ ಸಣ್ಣ ಕೈಯಲ್ಲೂ ಜುಮುಜುಮು ಶುರುವಾಗಿದೆಯೋ ಏನೋ ಎಂಬುದೊಂದೇ ತಲೆಯಲ್ಲಿ.

ಏಳು ವರ್ಷದ ಭಾಗ್ಯ ಜಗುಲಿಯ ಮೇಲೆ ಅಳಗುಳಿಮಣೆ ಆಡುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತು, ನಾನು ಬಾಯಿ ತೆರೆಯುವ ಮೊದಲೇ "ನಾಯಿಯಿಂದ ಸಾ" ಎಂದು ನಕ್ಕಳು.

ಇಂಜೆಕ್ಷನ್ ಎಂದೊಡನೆ ಅವಳ ತಾಯಿ ಪುಟ್ಟಮ್ಮ ಮಗಳನ್ನು ಹಿಂದಕ್ಕೆಳೆದುಕೊಂಡಳು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲ ಅದು.

"ನಾಯಿ ಕಚ್ಚುದ್ರೆ ಬತ್ತದೆ ಅಂತ ನೀವೇ ಯೋಳ್ಕೊಟ್ರಿ. ಈ ಮಗ ದಿನಾ ಮನೇಲಿ ಒಪ್ಪಿಸ್ತದೆ. ಈಗ ಕರ ಅಂತೀರಿ. ನಾಳೀಕೆ ಕೋಳಿ ಅಂತೀರಾ ಸಾ?"

ಸುತ್ತ ಸೇರಿದ್ದವರು ನಕ್ಕರು. ನನ್ನ ಚೀಲದಲ್ಲಿ ಪಟವಿತ್ತು, ಕರಪತ್ರವಿತ್ತು. ಎರಡರಲ್ಲೂ ಬರೀ ನಾಯಿ.

"ನಾನ್ ಹೇಳ್ಕೊಟ್ಟಿದ್ದೇ ತಪ್ಪು ಕಣವ್ವ," ಎಂದೆ. "ಅರ್ಧ ಹೇಳ್ದೆ. ಸವಿತಾ ಉಳಿಯಲ್ಲ. ನನ್ ತಪ್ಪಿಗೆ ಇವಳೂ ಹೋಗೋದ್ ಬೇಡ."

ನಗು ನಿಂತಿತು. ಸರ್ಕಾರದ ಕಡೆಯವನೊಬ್ಬ ತನ್ನದೇ ತಪ್ಪು ಎಂದದ್ದನ್ನು ಪುಟ್ಟಮ್ಮ ಅದೇ ಮೊದಲು ಕೇಳಿರಬೇಕು. ಮಗಳ ಕೈ ಹಿಡಿದು ಜೀಪು ಹತ್ತಿದಳು. ಕರುವಿನ ಬಾಯಿ ಹಿಡಿದಿದ್ದ ದೊಡ್ಡವರೂ ಹಿಂದೆಯೇ ಬಂದರು.

ಸವಿತಾ ಮೂರನೆಯ ದಿನ ತೀರಿಕೊಂಡಳು.

ನಾವು ಹೇಳದೆ ಬಿಟ್ಟದ್ದನ್ನೂ ಜನ ಕಲಿತುಕೊಳ್ಳುತ್ತಾರೆ, ಅಲ್ಲಿ ಅಪಾಯವಿಲ್ಲವೆಂದು ಕಲಿಯುತ್ತಾರೆ: ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಅಂದಿನಿಂದ ನಿವೃತ್ತಿಯವರೆಗೆ ಯಾವ ಮಗು ಬಂದರೂ, ಯಾವ ಪ್ರಾಣಿಯ ಜೊಲ್ಲು ಮೈಗೆ ತಾಗಿತ್ತು ಎಂದೇ ಕೇಳಿದೆ.

ಭಾಗ್ಯ ಹದಿನಾಲ್ಕು ಸೂಜಿಯನ್ನೂ ಮುಗಿಸಿದಳು. ಆದರೆ ಸೂಜಿ ಬಿದ್ದದ್ದು ಎರಡು ತಿಂಗಳು ತಡವಾಗಿ; ಈ ರೋಗ ಮೈಯೊಳಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿಯೂ ಸದ್ದಿಲ್ಲದೆ ಕಾಯಬಲ್ಲದು. ರೋಗ ತಲೆಯೆತ್ತಿದರೆ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾಗಿ ಎರಡು ವರ್ಷ, ಆ ದಾರಿಯಲ್ಲಿ ಹೋದಾಗಲೆಲ್ಲ ಅವಳ ಮನೆ ಮುಂದೆ ನಿಂತು ನೀರು ಕೇಳುತ್ತಿದ್ದೆ. ತಂದರೆ, "ಮೊದಲು ನೀನು ಕುಡಿ," ಎನ್ನುತ್ತಿದ್ದೆ.

ಒಂದು ದಿನ ಅವಳು ಚೊಂಬು ಹಿಡಿದುಕೊಂಡೇ ಕೇಳಿದಳು: "ನಾನ್ ಸಾಯ್ತೀನಾ ಅಂತ ನೋಡಕ್ ಬತ್ತೀರಿ, ಅಲ್ವಾ ಸಾ?"

ಅವಳು ನನ್ನ ಮೇಲಿನ ಕಣ್ಣು ತೆಗೆಯದೆ, ಒಂದೇ ಉಸಿರಿಗೆ ಗಟಗಟನೆ ಅಷ್ಟೂ ಕುಡಿದು, ಖಾಲಿ ಚೊಂಬನ್ನು ನನ್ನ ಕೈಗಿಟ್ಟಳು.