ಶಿವರುದ್ರಮ್ಮನವರ ಹಾಗಲಕಾಯಿ ಎಡೆ

ಬಿಳಿಕೆರೆಯಲ್ಲಿ ಬಸ್ಸಿಳಿದು ಹೊಲಗಳ ನಡುವೆ ಒಂದಿಷ್ಟು ನಡೆದರೆ ಸಣ್ಣದೊಂದು ಮಠ ಸಿಗುತ್ತದೆ. ಆ ಮಠದ ದಾಸೋಹಕ್ಕೆ ಶಿವರುದ್ರಮ್ಮ ಎಂಬ ತಾಯಿ ಅಡುಗೆ ಮಾಡುತ್ತಿದ್ದರು. ಅವರ ವಿಷಯ ಬರೆಯಲು ಕುಳಿತಾಗಲೆಲ್ಲ ನನಗೆ ಕೋಪ ಉಕ್ಕುತ್ತದೆ. ಶಿವಭಕ್ತನಿಗೆ ಕೋಪ ಸಲ್ಲದು ಎನ್ನುವವರಿದ್ದಾರೆ. ಹಸಿದವರಿಗೆ ಬಡಿಸುವ ಕೈಯನ್ನು ಕಳ್ಳಗೈ ಎಂದು ಕರೆದಾಗಲೂ ಕೋಪ ಬಾರದಿದ್ದರೆ ಅಂಥ ಭಕ್ತಿಯಿಂದ ಯಾರಿಗೇನು ಪ್ರಯೋಜನ?

ಸೋಮವಾರದ ದಾಸೋಹಕ್ಕೆ ಕೂಲಿಯವರು, ಗಾಡಿ ಹೊಡೆಯುವವರು, ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಲ್ಲಿ ಬೆಂಕಿ ಕಾಯುವವರು ಬರುತ್ತಿದ್ದರು. ಶಿವರುದ್ರಮ್ಮ ಯಾರ ಕುಲವನ್ನೂ ಕೇಳಿದವರಲ್ಲ. "ಇನ್ನೊಂದು ಮುದ್ದೆ ಇಕ್ಸ್ಕೊ ಮಗ, ನಾಳೆ ಬಾ ಅಂದ್ರೆ ಒಟ್ಟೆ ಕೇಳಕಿಲ್ಲ" ಎಂದು ಒತ್ತಾಯಿಸಿ ಬಡಿಸುವುದೇ ಅವರ ಶಿವಪೂಜೆಯಾಗಿತ್ತು.

ಅರವತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ ಅವರಿಗೆ ಕಫ ಕಟ್ಟಿ ಜ್ವರ ಬಂತು. ರಸ್ತೆಬದಿಯ ಕಾಂಪೌಂಡರನೊಬ್ಬ ಬಣ್ಣದ ಕ್ಯಾಪ್ಸೂಲುಗಳನ್ನು ಕೊಟ್ಟ. ಜ್ವರ ಇಳಿಯಿತು. ಆದರೆ ಆಮೇಲೆ ಕೆಮ್ಮಿಗೂ ಅದೇ, ಮೈಕೈ ನೋವಿಗೂ ಅದೇ. ತಿಂಗಳುಗಟ್ಟಲೆ ಆ ಸಾಧ್ವಿ ನಂಬಿ ನುಂಗಿದರು. ಕೊನೆಗೆ ಹೊಟ್ಟೆ ಕೆಟ್ಟಿತು. ಎರಡು ತುತ್ತು ಉಂಡರೆ ಸಾಕು, ಕಾಯಿಸಿದ ತಮಟೆಯಂತೆ ಬಿಗಿಯುತ್ತಿತ್ತು. ಹುಳಿತೇಗು, ಗುಡುಗುಡು, ಭೇದಿ.

ಮಠದ ಆಡಳಿತ ನೋಡುತ್ತಿದ್ದ ಯಜಮಾನ ನೀಲಕಂಠಸ್ವಾಮಿ ಒಂದು ಹರಕೆ ಹೇಳಿದ: ಸೋಮವಾರ ಅನ್ನ ಬಿಟ್ಟು ಬಾಳೆಹಣ್ಣು, ಬೆಲ್ಲ, ರಸಾಯನ ಮಾತ್ರ ಸೇವಿಸಬೇಕು. ಆಕೆ ಶ್ರದ್ಧೆಯಿಂದ ನಡೆಸಿದರು. ಮಂಗಳವಾರ ಬೆಳಗ್ಗೆ ಎದ್ದು ನಿಲ್ಲಲಾಗುತ್ತಿರಲಿಲ್ಲ. ಭಕ್ತಿ ಸಾಲದು ಎಂದು ಯಜಮಾನ ಗುರುವಾರವನ್ನೂ ಸೇರಿಸಿದ. ಹೊಟ್ಟೆ ಇನ್ನಷ್ಟು ಉಬ್ಬಿತು.

ಆಗ ಪಂಕ್ತಿಯಲ್ಲಿ ಕುಳಿತ ಜವರಯ್ಯನೆಂಬ ಗಾಡಿಯವನು ಪಕ್ಕದವನಿಗೆ ಹೇಳಿದ: "ಮಠದ ಅಕ್ಕಿ ಎಲ್ಲೋಯ್ತದೆ ಅಂತಿದ್ಯಲ್ಲ, ನೋಡ್ಲಾ. ನಡ್ಕಂಡು ಓಡಾಡೋ ಕಣಜ ಕಣ್ಲಾ ಅದು."

ಪಂಕ್ತಿಯೆಲ್ಲ ನಕ್ಕಿತು. ಶಿವರುದ್ರಮ್ಮ ಅವನ ಎಲೆಗೂ ಸಾರು ಬಡಿಸಿ ಮುಂದೆ ಹೋದರು. ಮಾರನೆಯ ದಿನವೇ ಯಜಮಾನ ಉಗ್ರಾಣದ ಬೀಗದಕೈಯನ್ನು ಅವರಿಂದ ಕಸಿದುಕೊಂಡ. ಎರಡು ಹೊತ್ತು ಗಂಜಿಯನ್ನೂ ಅರಗಿಸಲಾರದ ಹೆಂಗಸು ಅಕ್ಕಿ ಕದ್ದು ಉಣ್ಣುತ್ತಾಳೆಂಬ ಮಾತನ್ನು ಒಂದು ಊರೇ ನಂಬಿತು! ಮರುವರ್ಷದ ಶ್ರಾವಣದ ಪ್ರವಚನಕ್ಕೆಂದು ಆ ಮಠಕ್ಕೆ ಹೋಗಿದ್ದ ನನಗೆ, ಬೇವಿನ ಮರದ ಕೆಳಗೆ ಅತ್ತುಕೊಂಡು ಆಕೆ ಹೇಳಿದ್ದಿಷ್ಟೆ: "ಒಲೆ ಒಂದು ನನ್ ಕೈ ತಪ್ದೇ ಇದ್ರೆ ಸಾಕು ಅಯ್ನೋರೆ."

ನಾನು ಅವರನ್ನೂ ಅವರ ಪತಿ ಸಿದ್ದಯ್ಯನನ್ನೂ ಮೈಸೂರಿನ ಡಾಕ್ಟರಮ್ಮನೊಬ್ಬರ ಬಳಿಗೆ ಕರೆದೊಯ್ದೆ. ಮಲ ಪರೀಕ್ಷೆ ಮಾಡಿಸಿ, ಹಿಂದಿನದನ್ನೆಲ್ಲ ಕೇಳಿದ ಮೇಲೆ ಅವರು, "ಸಿಹಿ ತಿಂದ ದಿನ ಜಾಸ್ತಿ ಆಗುತ್ತಾ ಅಮ್ಮ?" ಎಂದರು.

"ಊಂ ಕಣವ್ವ, ಅರಕೆ ದಿನಾನೇ ಜಾಸ್ತಿ."

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಕರುಳಿನಲ್ಲಿ ನಮಗೆ ಬೇಕಾದ ಕ್ರಿಮಿಗಳೂ ಇರುತ್ತವೆ. ಆ ಕ್ಯಾಪ್ಸೂಲು ಅವನ್ನೂ ಕೊಂದಿದೆ. ತೆರವಾದ ಜಾಗದಲ್ಲಿ ಬೂಷ್ಟಿನ ಜಾತಿಯದೊಂದು ಬೆಳೆದು ಸಣ್ಣ ಕರುಳಿಗೂ ಹತ್ತಿದೆ ಎಂದು ನನ್ನ ಅನುಮಾನ. ನೀವು ಬೆಲ್ಲ ತಿಂದರೆ ಅದಕ್ಕೆ ಊಟ. ದೋಸೆ ಹಿಟ್ಟು ಉಬ್ಬಿದ ಹಾಗೆ ಹೊಟ್ಟೆ ಉಬ್ಬುತ್ತದೆ."

ಆ ಬೂಷ್ಟಿಗೆಂದೇ ಇರುವ ಮಾತ್ರೆ ಬರೆದುಕೊಟ್ಟರು. ಕೆಲವು ತಿಂಗಳು ಬೆಲ್ಲ, ಸಕ್ಕರೆ, ಜೇನು, ಬಾಳೆಹಣ್ಣು, ಹುಳಿ ಬಂದ ಹಿಟ್ಟು ಬೇಡ. ಸ್ವಲ್ಪ ಸ್ವಲ್ಪವಾಗಿ ಉಣ್ಣಬೇಕು. ಕಾಂಪೌಂಡರನ ಕ್ಯಾಪ್ಸೂಲು ಮುಟ್ಟಲೇಬಾರದು ಎಂದರು. ಸೊಪ್ಪಿನ ಸಾರು, ಪುಟ್ಟ ಮುದ್ದೆ, ಬೆಲ್ಲ ಹಾಕದ ಹಾಗಲಕಾಯಿ ಪಲ್ಯದಲ್ಲಿ ಶಿವರುದ್ರಮ್ಮ ದಿನ ಕಳೆದರು. ಹೊಟ್ಟೆ ಮೆಲ್ಲಮೆಲ್ಲನೆ ಇಳಿಯತೊಡಗಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಶಿವನನ್ನು ಕೊಂಡಾಡಿ ಸುಮ್ಮನಾಗುತ್ತಿದ್ದೆ. ಹೀಗಿರುವಾಗ ಒಂದು ಸೋಮವಾರ ಯಜಮಾನ ಪಂಚಾಮೃತ ಕೊಟ್ಟಾಗ ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಗಂಡನ ಅಂಗೈಗೆ ಸುರಿದರು. ಯಜಮಾನನಿಗೆ ಅಷ್ಟೇ ಸಾಕಾಯಿತು.

"ಪ್ರಸಾದ ಬ್ಯಾಡ ಅನ್ನೋರು ಮಠದ ಒಲೆ ಮುಟ್ಟಂಗಿಲ್ಲ. ಬರೋ ಸೋಮವಾರ ಎಲ್ಲರ ಮುಂದೆ ಕುಡೀರಿ, ಇಲ್ಲ ಸೌಟು ಕೆಳಗಿಡ್ರಿ."

ನಾನು ಅವನ ಜಗಲಿಗೇ ಹೋಗಿ, ರೋಗಿಯ ಬಾಯಿಗೆ ರೋಗವನ್ನು ತುರುಕುವುದು ಪ್ರಸಾದವಲ್ಲ, ಶಿವದ್ರೋಹ ಎಂದೆ. ಅವನು ಎಲೆಗೆ ಸುಣ್ಣ ಸವರುತ್ತ, "ನಿಮ್ ಪ್ರವಚನ ಪೀಠದ ಮ್ಯಾಲಿರ್ಲಿ ಸ್ವಾಮಿ. ಮಠದ ಆಡಳಿತ ನಮ್ದು" ಎಂದ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ಸೋಮವಾರ ಬಂತು. ಗದ್ದುಗೆಯ ಮುಂದೆ ಹಾಸಿದ ಎಡೆಯೆಲೆಯಲ್ಲಿ ರಸಾಯನದ ಪಕ್ಕಕ್ಕೆ ಶಿವರುದ್ರಮ್ಮ ಹಾಗಲಕಾಯಿ ಪಲ್ಯವನ್ನೂ ಬಡಿಸಿದ್ದರು. ಭಕ್ತರು ಮಾಡಿ ತಂದದ್ದನ್ನು ಬೇಡವೆನ್ನುವ ಪದ್ಧತಿ ಆ ಗದ್ದುಗೆಗೆ ಇರಲಿಲ್ಲ. ಮಠದಲ್ಲಿ ಪೂಜೆ ಮಾಡುವ ಅಯ್ಯನವರು ಎಲ್ಲವನ್ನೂ ಅರ್ಪಿಸಿ ಮಂಗಳಾರತಿ ಎತ್ತಿದರು.

ಯಜಮಾನ ಪಂಚಾಮೃತದ ಬಟ್ಟಲು ಹಿಡಿದು ಬಂದ. ಆಕೆ ಪಲ್ಯದ ತಟ್ಟೆ ಹಿಡಿದು ಎದುರಿಗೆ ನಿಂತರು.

"ಇದೂ ಗದ್ದುಗೆಗೆ ಎಡೆ ಆಗ್ಯದೆ ಯಜಮಾನ್ರೆ. ನನ್ ಪಾಲಿನ ಪ್ರಸಾದ ನಾ ತಕ್ಕತೀನಿ. ಮೊದ್ಲು ನೀವು ತಕ್ಕಳಿ."

ಯಜಮಾನ ತಟ್ಟೆಯನ್ನು ನೋಡಿದ. "ನಂಗೆ ಆಗಲಕಾಯಿ ಒಗ್ಗಕಿಲ್ಲ ಕಣವ್ವ."

"ಅಂಗಾರೆ ಒಗ್ಗದೆ ಇರೋದು ಅಂತ ಒಂದದೆ ಅನ್ನಿ."

ಯಜಮಾನ ಎರಡು ಬೆರಳಲ್ಲಿ ಚೂರು ಎತ್ತಿ ಬಾಯಿಗಿಟ್ಟು, ಮುಖ ಕಿವುಚಿ ನುಂಗಿದ. ಅಷ್ಟರಲ್ಲಿ ಜವರಯ್ಯ ಎಲೆ ಮುಂದಕ್ಕೆ ತಳ್ಳಿ, "ನಂಗೂ ಒಸಿ ಇಕ್ಕವ್ವ. ತಪ್ ಮಾತಾಡಿದ್ ನಾಲಗೆಗೆ ಕಹಿನೇ ಸರಿ" ಎಂದ. ಯಜಮಾನ ಬಟ್ಟಲನ್ನು ಕೆಳಗಿಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಉಗ್ರಾಣದ ಬೀಗದಕೈಯನ್ನು ಅಡುಗೆಮನೆಯ ಗೂಟಕ್ಕೆ ತಗುಲಿಸಿ ಹೊರಟುಹೋದ. ತಪ್ಪಾಯಿತೆಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಅಂದೂ ಬರಲಿಲ್ಲ, ಮುಂದೆಂದೂ ಬರಲಿಲ್ಲ.

ಅದನ್ನೇ ಹಿಡಿದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದೆ. ಶಿವರುದ್ರಮ್ಮ ಮುದ್ದೆಯ ಕೋಲು ತಿರುವುತ್ತಲೇ ಇದ್ದರು.

"ಕ್ವಾಪದಲ್ಲಿ ಉಣ್ಬಾರ್ದು ಅಯ್ನೋರೆ, ಒಟ್ಟೆ ಉಬ್ಬರಿಸ್ತದೆ. ನಂಗೊತ್ತು ಅದ್ರ ಬಾಧೆ. ಕೂತ್ಕಳಿ, ಮುದ್ದೆ ಆರೋಯ್ತದೆ."

ಕೂತೆ.