ಸೋಪಿಗೆ ಹಾಕಿದ ಕೊಸರು

ನನ್ನ ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಐವತ್ತು ದಾಟುವವರೆಗೂ ನಂಬಿಕೊಂಡಿದ್ದೆ. ಸೀರೆ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎನ್ನುವವಳು. ಮದುವೆ ಮನೆಯಲ್ಲಿ ಪಾಯಸಕ್ಕೆ ಬೆಲ್ಲ ಕಮ್ಮಿಯಾಗಿದೆ ಎಂದು ಬಡಿಸುವವರ ಮುಖಕ್ಕೇ ಹೇಳಿ ನನ್ನನ್ನು ನಾಚಿಕೆಗೆ ಸಿಕ್ಕಿಸುವವಳು. ಹಾಗಾಗಿ ಮನೆಯಲ್ಲೇ ಸೋಪು ಮಾಡುವುದನ್ನು ಕಲಿಯಲು ಹೊರಟಾಗ ನನಗೆ ಬೇರೆ ಪರೀಕ್ಷಕರು ಬೇಕೆನಿಸಲಿಲ್ಲ. ಅವಳ ಒಂದು ಮಾತು ಸಾಕಿತ್ತು. ಆ ಮಾತೇ ನನ್ನ ಕಿವಿ ಮೇಲೆ ಹೂವಿಟ್ಟಿತು. ಬರೆಯುವಾಗ ಈಗಲೂ ಸಿಟ್ಟು ಬರುತ್ತಿದೆ. ಅದನ್ನು ಮುಚ್ಚಿಟ್ಟು ದೊಡ್ಡ ಮನಸ್ಸಿನವಳಂತೆ ಬರೆಯುವ ಉದ್ದೇಶ ನನಗಿಲ್ಲ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಕಾರ್ಖಾನೆಯೊಂದರ ಸ್ಟೋರ್ಸ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಮಾಲೀಕರು ಜಾಗ ಮಾರಿ ಕಾರ್ಖಾನೆ ಮುಚ್ಚಿದರು. ಒಂದು ಸೋಮವಾರ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ತಲೆ ಬಾಚಿ, ಎಲ್ಲಿಗೂ ಹೋಗುವುದಿಲ್ಲ ಎಂಬುದು ನೆನಪಾಗಿ ಮಂಚದ ಮೇಲೆ ಕುಳಿತೆ. ಬಸವೇಶ್ವರನಗರದಲ್ಲಿ ಅಪ್ಪ ಕಟ್ಟಿಸಿದ ಮನೆ. ಕೆಳಗೆ ಬಾಡಿಗೆಯವರು, ಮೇಲೆ ನಾನೊಬ್ಬಳೇ. ಯೋಗಕ್ಕೆ ಸೇರು ಎಂದರು, ಭಜನೆ ಮಂಡಳಿಗೆ ಬಾ ಎಂದರು. ನನಗೆ ಬೇಕಾಗಿದ್ದು ಹೊತ್ತು ಕಳೆಯುವ ದಾರಿಯಲ್ಲ. ಅ ಆ ಇಂದ ಶುರುಮಾಡಿ ಒಂದನ್ನು ಸರಿಯಾಗಿ ಕಲಿಯಬೇಕು, ಇದು ನನಗೆ ಬರುತ್ತದೆ ಎಂದು ಎದೆ ಮುಟ್ಟಿಕೊಂಡು ಹೇಳುವಂತಿರಬೇಕು, ಅಷ್ಟೇ.

ಮಹಾಲಕ್ಷ್ಮಿ ಲೇಔಟ್‌ನ ಒಂದು ಮನೆಯ ಮಹಡಿಯ ಮೇಲೆ ಸೋಪಿನ ತರಗತಿ ಇತ್ತು. ಹೇಳಿಕೊಡುವ ಹುಡುಗಿಗೆ ನನ್ನ ಅರ್ಧ ವಯಸ್ಸು. ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆತರೆ ಸೋಪಾಗುತ್ತದೆ, ಸೋಡಾ ಒಂದಿಷ್ಟು ಹೆಚ್ಚಾದರೂ ಅದು ಸೋಪಿನಲ್ಲೇ ಉಳಿದು ಮೈ ಸುಡುತ್ತದೆ ಎಂದು ಹೇಳಿ, ನನ್ನ ಕಡೆ ತಿರುಗಿ, “ಆಂಟಿ, ಇದು ಅಡುಗೆ ಅಲ್ಲ. ಕಣ್ಣಳತೆ ನಡೆಯಲ್ಲ. ಗ್ರಾಂ ಅಂದ್ರೆ ಗ್ರಾಂ” ಎಂದಳು. ಜೀವನವಿಡೀ ನಟ್ಟು ಬೋಲ್ಟು ತೂಗಿ ಕೊಟ್ಟವಳಿಗೆ ಗ್ರಾಮಿನ ಪಾಠ! ಮನಸ್ಸಿನಲ್ಲೇ ಮೂಗು ಮುರಿದುಕೊಂಡು ತಲೆಯಾಡಿಸಿದೆ.

ಮೊದಲ ಸಲ ಮಾಡಿದ್ದು ಸೋಪೇ ಆಗಲಿಲ್ಲ. ಅಲ್ಯೂಮಿನಿಯಂ ಪಾತ್ರೆ ಬಳಸಬಾರದು ಎಂದು ಅವಳು ಹೇಳಿದ್ದಳು. ನಮ್ಮ ಮನೆಯ ಹಳೆಯ ಪಾತ್ರೆಗಳಲ್ಲಿ ಯಾವುದು ಅಲ್ಯೂಮಿನಿಯಂ, ಯಾವುದು ಸ್ಟೀಲು ಎಂದು ಗೊತ್ತಾಗದಷ್ಟು ಅವು ಸವೆದಿದ್ದವು. ಸೋಡಾ ನೀರು ಬಿದ್ದ ಕೂಡಲೇ ಪಾತ್ರೆ ಬುಸುಗುಟ್ಟಿ ಕಪ್ಪು ನೊರೆ ಉಕ್ಕಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡಿದೆ. ಅಲ್ಲಿಂದ ಮುಂದೆ ಹೊಸ ಸ್ಟೀಲ್ ಪಾತ್ರೆ, ಕೈಗೆ ಗ್ಲೌಸು, ಕೆಲಸವೆಲ್ಲ ತಾರಸಿಯ ಮೇಲೆ.

ಎರಡನೆಯ ಸಲ ಎಲ್ಲ ಹೇಳಿದಂತೆ ನಡೆಯಿತು. ಮಾರೇನಹಳ್ಳಿಯ ಗಾಣದಂಗಡಿಯಿಂದ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ತಂದೆ. ನೀರಿಗೆ ಸೋಡಾ ಹಾಕಿ, ಪಾತ್ರೆಯ ಬಿಸಿ ಆರಿದ ಮೇಲೆ ಎಣ್ಣೆಗೆ ಸುರಿದು ತಿರುವುತ್ತಾ ಕುಳಿತೆ. ನೀರಾಗಿದ್ದದ್ದು ನಿಧಾನಕ್ಕೆ ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಸಂತೋಷಕ್ಕೆ ಒಬ್ಬಳೇ ನಕ್ಕೆ. ಮೈಸೂರು ಪಾಕಿನ ತಟ್ಟೆಗೆ ಸುರಿದು ಮಾರನೆಯ ದಿನ ಬಿಲ್ಲೆ ಕತ್ತರಿಸಿದೆ. ಪ್ರತಿ ಬಿಲ್ಲೆಯ ಮೇಲೂ ಚಕ್ಕುಲಿ ಒರಳಿನ ನಕ್ಷತ್ರದ ಅಚ್ಚನ್ನು ಒತ್ತಿದೆ. ವಾರಗಟ್ಟಲೆ ಒಣಗಿಸಿದ ಮೇಲೆ ಮೈಮೇಲೆ ಬಿಳಿ ಪುಡಿ ಕಟ್ಟಿಕೊಂಡು ಅವು ವಿಭೂತಿ ಗಟ್ಟಿಯಂತೆ ಕಾಣುತ್ತಿದ್ದವು. ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ ಅರಿಶಿನದ ದಾರ ಕಟ್ಟಿದೆ.

ಮೊದಲು ನಾನೇ ಹಚ್ಚಿಕೊಂಡೆ. ಸ್ನಾನವಾದ ಮೇಲೆ ಮೈಯೆಲ್ಲ ಬಿಗಿಯಿತು, ಕುತ್ತಿಗೆಯ ಹತ್ತಿರ ಸ್ವಲ್ಪ ಉರಿಯಿತು. ಆದರೆ ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು. ಅದರಲ್ಲಿ ಯಾವ ಸೋಪು ಹಚ್ಚಿದರೂ ಮೈ ಬಿಗಿಯುತ್ತದೆ, ಬಕೆಟ್ಟಿಗೇ ಬಿಳಿ ಪೊರೆ ಕಟ್ಟುತ್ತದೆ. ತಪ್ಪು ಸೋಪಿನದೋ ನೀರಿನದೋ ಗೊತ್ತಾಗುವುದು ಹೇಗೆ? ವಿಜಯನಗರದಲ್ಲಿ ಅಕ್ಕನ ಮನೆಗೆ ಕಾವೇರಿ ನೀರು ಬರುತ್ತದೆ. ಸೋಪು ತೆಗೆದುಕೊಂಡು ಹೋಗಿ ಕೊಟ್ಟು, “ಇದ್ದದ್ದು ಇದ್ದ ಹಾಗೆ ಹೇಳ್ಬೇಕು ನೀನು” ಎಂದೆ.

ಮಾರನೆಯ ದಿನ ಫೋನ್ ಬಂತು. “ಬೆಣ್ಣೆ ಕಣೇ, ಬೆಣ್ಣೆ! ಮೈ ಮೇಲೆ ಹಾಗೇ ಜಾರುತ್ತೆ. ಇನ್ಮೇಲೆ ನಮ್ಮನೇಗೆ ಅಂಗಡಿ ಸೋಪು ಬೇಡ.”

ಅಲ್ಲಿಗೆ ತೀರ್ಮಾನವಾಯಿತು. ಸೋಪು ಸರಿಯಿದೆ, ನೀರು ಸರಿಯಿಲ್ಲ. ಆಮೇಲೆ ಒಂದು ವರ್ಷ ಬಿಡದೆ ಮಾಡಿದೆ. ಬೇವಿನ ಸೊಪ್ಪು ಹಾಕಿ, ಕಡಲೆಹಿಟ್ಟು ಹಾಕಿ, ಲಾವಂಚದ ಬೇರು ಹಾಕಿ. ಮಾಡಿದ್ದೆಲ್ಲ ಅಕ್ಕನ ಮನೆಗೇ ಹೋಗುತ್ತಿತ್ತು. ಕೆಳಗಿನ ಬಾಡಿಗೆಯವರಿಗೂ ಎರಡು ಕೊಡುತ್ತೇನೆ ಎಂದಾಗ ಅಕ್ಕ ಗದರಿದಳು. “ಸುಮ್ನಿರು, ಬೇರೆಯವ್ರಿಗೆಲ್ಲ ಯಾಕೆ ಹಂಚ್ತೀಯ? ನಮಗೇ ಸಾಲಲ್ಲ.” ನನ್ನ ಸೋಪಿನ ಮೇಲೆ ಅವಳಿಗೆಷ್ಟು ಆಸೆ ಎಂದು ನಾನು ಉಬ್ಬಿಹೋದೆ. ಉಬ್ಬಿಹೋದ ನನ್ನ ಆ ಮುಖ ನೆನಪಾದರೆ ಈಗ ನನಗೇ ಮೈ ಉರಿಯುತ್ತದೆ.

ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ನಮ್ಮ ಪಕ್ಕದ ರಸ್ತೆಯ ಮನೆಯೊಂದಕ್ಕೆ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ನಮ್ಮಲ್ಲಿ ತಾಂಬೂಲದ ಜೊತೆ ಕವರಿನಲ್ಲಿ ಏನಾದರೂ ಇಟ್ಟುಕೊಡುವ ಪದ್ಧತಿ. ಆ ಕವರು ಸೇರಲು ವಸ್ತುವಿಗೆ ಒಂದೇ ಅರ್ಹತೆ ಬೇಕು, ಅದು ಮನೆಯಲ್ಲಿ ಯಾರಿಗೂ ಬೇಡವಾಗಿರಬೇಕು. ಯಾರೂ ಹೊಲಿಸದ ಬ್ಲೌಸ್ ಪೀಸು, ಮುಚ್ಚಳ ಕೂರದ ಡಬ್ಬಿ, ಇವು ಹಬ್ಬದಿಂದ ಹಬ್ಬಕ್ಕೆ ಮನೆಯಿಂದ ಮನೆಗೆ ಓಡಾಡುತ್ತಲೇ ಇರುತ್ತವೆ. ನಾನೇ ಎಷ್ಟೋ ಬ್ಲೌಸ್ ಪೀಸುಗಳನ್ನು ಹೀಗೆ ಮುಂದಕ್ಕೆ ಸಾಗಹಾಕಿದ್ದೇನೆ. ಆ ದಿನ ಅವರ ಮನೆಯಲ್ಲೇ ಕುಳಿತು ಕವರಿನೊಳಗೆ ಕಣ್ಣು ಹಾಯಿಸಿದೆ. ವೀಳ್ಯದೆಲೆಯ ಕೆಳಗೆ ಬಟರ್ ಪೇಪರು, ಅರಿಶಿನದ ದಾರ. ಬಿಚ್ಚಿದೆ. ನಕ್ಷತ್ರ.

“ಈ ಸೋಪು ಎಲ್ಲಿ ತಗೊಂಡ್ರಿ?” ಎಂದು ಮನೆಯಾಕೆಯನ್ನು ಕೇಳಿದೆ.

“ಅಯ್ಯೋ, ತಗೊಂಡಿದ್ದಲ್ಲ ರೀ. ವಿಜಯನಗರದಲ್ಲಿ ನಮ್ಮ ನಾದಿನಿ ಇದಾಳೆ. ಅವಳ ಮೇಲಿನ ಮನೆಯವ್ರು ಕೊಡ್ತಾನೇ ಇರ್ತಾರಂತೆ. ಒಂದು ಡಬ್ಬ ತುಂಬ ಇತ್ತು, ನಂಗೂ ಒಂದಿಷ್ಟು ಕೊಟ್ಲು.”

ವಿಜಯನಗರದ ನಾದಿನಿ ಯಾರೆಂದು ಎರಡು ಮಾತಿನಲ್ಲಿ ತಿಳಿಯಿತು. ಅಕ್ಕನ ಮನೆಯ ಕೆಳಗೇ ಇರುವವರು, ನನಗೂ ಮುಖಪರಿಚಯ. “ಆ ಮೇಲಿನ ಮನೆಯವ್ರಿಗೆ ಎಲ್ಲಿಂದ ಬಂತಂತೆ?” ಎಂದೆ.

“ಯಾರೋ ಕೊಡ್ತಾರಂತೆ.” ಆಮೇಲೆ ಅವರು ನನ್ನ ಹತ್ತಿರ ಬಗ್ಗಿ ದನಿ ತಗ್ಗಿಸಿದರು. “ಮೈಗೆ ಮಾತ್ರ ಹಚ್ಕೋಬೇಡಿ. ಉರಿಯುತ್ತೆ ಅಂತ ಕೊಟ್ಟವ್ರೇ ಹೇಳಿದ್ರಂತೆ. ಮಸಿ ಬಟ್ಟೆ ಒಗೆಯೋಕೆ ತುಂಬ ಚೆನ್ನಾಗಿದೆ.”

ಯಾರೋ ಕೊಡ್ತಾರಂತೆ. ಕೆಳಗಿನ ಮನೆಯವಳಿಗೆ ಉರಿಯುತ್ತದೆ ಎಂದು ಹೇಳಲು ನನ್ನ ಅಕ್ಕನಿಗೆ ಬಾಯಿ ಬಂದಿದೆ. ನಾನು ಫೋನಿನಲ್ಲಿ ಕೇಳಿದಾಗಲೆಲ್ಲ ಬೆಣ್ಣೆ. ಕುಂಕುಮ ಇಟ್ಟುಕೊಂಡು, ಹೂವು ಮುಡಿದು, ಆ ಮನೆಯವರಿಗೆ ಬರ್ತೀನಿ ಎಂದು ಹೇಳಿ ಹೊರಬಿದ್ದೆ. ರಸ್ತೆಯಲ್ಲಿ ಅಳು ಬರಲಿಲ್ಲ. ಹೊಡೆಯಬೇಕು ಎನಿಸುತ್ತಿತ್ತು.

ಮನೆಗೆ ಬಂದವಳೇ ಸೋಪನ್ನು ನಾಲಿಗೆಯ ತುದಿಗೆ ಮುಟ್ಟಿಸಿದೆ. ತರಗತಿಯ ಹುಡುಗಿ ಹೇಳಿಕೊಟ್ಟ ಪರೀಕ್ಷೆ ಅದು. ಚುರ್ ಎಂದರೆ ಸೋಡಾ ಉಳಿದಿದೆ ಎಂದರ್ಥ. ವರ್ಷದಲ್ಲಿ ಒಂದು ಸಲವೂ ನಾನು ಅದನ್ನು ಮಾಡಿರಲಿಲ್ಲ. ಅಕ್ಕನೇ ಬೆಣ್ಣೆ ಎಂದ ಮೇಲೆ ನಾಲಿಗೆಗೆ ಏನು ಕೆಲಸ? ಚುರ್ ಎಂದಿತು. ಬಾಯಿ ಮುಕ್ಕಳಿಸಿ ತಾರಸಿಗೆ ಹೋದೆ. ತಕ್ಕಡಿ ಇಟ್ಟು, ಪ್ರತಿ ಸಲ ಮಾಡುವಂತೆಯೇ ಸೋಡಾ ತೂಗಲು ಕುಳಿತೆ, ನನ್ನ ಕೈಯನ್ನು ನಾನೇ ಕಾಯುತ್ತಾ. ತೂಕ ಸರಿಯಾಗಿ ಬಂತು. ನಿಲ್ಲಿಸಬೇಕು. ಕೈ ನಿಲ್ಲಲಿಲ್ಲ. ತಾನಾಗಿ ಮತ್ತೆ ಡಬ್ಬಕ್ಕೆ ಇಳಿದು ಒಂದು ಚಮಚ ತೆಗೆದು ಮೇಲೆ ಹಾಕಿಬಿಟ್ಟಿತು.

ಕೊಸರು. ಅಳತೆಯಾದ ಮೇಲೆ ಮೇಲಿಷ್ಟು. ಹೂವಿನವಳು ಮೊಳ ಹಾಕಿದ ಮೇಲೆ ಒಂದು ಗೇಣು ಬಿಡುತ್ತಾಳೆ, ಸೊಪ್ಪಿನವಳು ಕಟ್ಟಿನ ಮೇಲೆ ನಾಲ್ಕು ಕಡ್ಡಿ ಕೊತ್ತಂಬರಿ ಎಸೆಯುತ್ತಾಳೆ. ಅಕ್ಕಿ ಅಳೆದ ಮೇಲೆ ಅಮ್ಮ ಒಂದು ಹಿಡಿ ಸೇರಿಸುತ್ತಿದ್ದಳು, ಯಾರಾದರೂ ಬಂದರೆ ಇರಲಿ ಎಂದು. ಕೊಸರು ಹಾಕದ ಕೈ ಜುಗ್ಗನ ಕೈ ಎಂದು ಕಲಿತು ಬೆಳೆದವರು ನಾವು. ಅದೇ ಧಾರಾಳವನ್ನು ನಾನು ವರ್ಷವಿಡೀ ಕಾಸ್ಟಿಕ್ ಸೋಡಾಕ್ಕೆ ತೋರಿಸಿದ್ದೆ. ನನಗೆ ನಗುವೂ ಬಂತು. ಆದರೆ ನಗುವಿಗಿಂತ ಬೇಗ ಇನ್ನೊಂದು ಲೆಕ್ಕ ತಲೆಗೆ ಬಂತು. ‘ಉರಿಯಿತು’ ಎಂದು ಅವಳು ಮೊದಲ ದಿನವೇ ಅಂದಿದ್ದರೆ, ಮುಂದಿನ ಸಲ ತೂಗುವಾಗಲೇ ಇದು ನನ್ನ ಕಣ್ಣಿಗೆ ಬೀಳುತ್ತಿತ್ತು. ನಾನು ಕಲಿತಿರುತ್ತಿದ್ದೆ. ಅವಳು ನನ್ನನ್ನು ಒಂದು ವರ್ಷ ಅ ಆ ದಲ್ಲೇ ಕೂರಿಸಿ ಚಪ್ಪಾಳೆ ತಟ್ಟಿದ್ದಳು.

ಮಾರನೆಯ ದಿನ ವಿಜಯನಗರಕ್ಕೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕುಳಿತು, ಹಬ್ಬಕ್ಕೆ ಒಡೆದು ಉಳಿದ ತೆಂಗಿನಕಾಯಿ ತುರಿಯುತ್ತಿದ್ದಳು. ಸೋಪನ್ನು ಅವಳ ಮುಂದೆ ಇಟ್ಟೆ.

“ಇದೆಲ್ಲಿ ಸಿಕ್ತೇ ನಿಂಗೆ?” ಎಂದಳು.

“ಎಷ್ಟು ಸಲ ಹಚ್ಕೊಂಡಿದೀಯ ಇದನ್ನ?”

“ಒಂದ್ಸಲ.”

“ಒಂದು ವರ್ಷದಲ್ಲಿ?”

“ಮೊದಲ್ನೇ ಸಲ ಕೊಟ್ಯಲ್ಲ, ಅದು. ಮೈಯೆಲ್ಲ ಉರ್ದುಹೋಯ್ತು ಕಣೇ. ಎಣ್ಣೆ ಹಚ್ಕೊಂಡು ಕೂತಿದ್ದೆ.”

“ಎಣ್ಣೆ ಹಚ್ಕೊಂಡು ಕೂತ್ಕೊಂಡೇ ಬೆಣ್ಣೆ ಅಂತ ಫೋನ್ ಮಾಡಿದ್ಯಾ?”

ಅವಳು ಕಾಯಿ ಕೆಳಗಿಟ್ಟಳು. “ಕೆಲ್ಸ ಹೋಗಿತ್ತು ನಿಂದು. ಮೂರು ಹೊತ್ತೂ ಸೋಪು ಸೋಪು ಅಂತಿದ್ದೆ. ಪಾಪ, ಅದೊಂದಾದ್ರೂ ಇರ್ಲಿ ಅಂತ ಅಂದ್ಕೊಂಡೆ. ಒಂದು ಸೋಪಿಗೆ ಇಷ್ಟೊಂದು ರಾದ್ಧಾಂತ ಮಾಡ್ತೀಯಲ್ಲ.”

ಪಾಪ. ಕುಂಟುವ ಬೀದಿನಾಯಿಯನ್ನು ಕಂಡರೆ ಅನ್ನುವ ಮಾತು. ಸಿಗ್ನಲ್ಲಿನಲ್ಲಿ ಕೈಯೊಡ್ಡುವ ಮಗುವಿಗೆ ಅನ್ನುವ ಮಾತು. ನನ್ನ ಬೆನ್ನ ಹಿಂದೆ ಇನ್ನೂ ಯಾರ ಯಾರ ಹತ್ತಿರ ಅಂದಿದ್ದಳೋ. ನನ್ನನ್ನು ಕೆಟ್ಟ ಕೆಲಸಗಾರ್ತಿ ಎಂದಿದ್ದರೆ ಜಗಳವಾಡುತ್ತಿದ್ದೆ, ಇಷ್ಟು ನೋಯುತ್ತಿರಲಿಲ್ಲ.

“ಊರವ್ರಿಗೆಲ್ಲ ಮುಖಕ್ಕೆ ಹೇಳ್ತೀಯ. ನಂಗ್ಯಾಕೆ ಹೇಳ್ಲಿಲ್ಲ?” ಎಂದೆ.

“ಊರವ್ರು ತಡ್ಕೋತಾರೆ. ನೀನು ತಡ್ಕೊಳಲ್ಲ.”

ಆಗ ನನಗೆ ಸೋಪು ಮರೆತುಹೋಯಿತು. ಮೂವತ್ತರ ಹತ್ತಿರ ನನಗೊಂದು ದಾವಣಗೆರೆಯ ಸಂಬಂಧ ಬಂದಿತ್ತು. ಒಳ್ಳೆಯ ಮನೆತನ, ಎಲ್ಲರಿಗೂ ಒಪ್ಪಿಗೆ. ನಾನು ಬೇಡ ಎಂದೆ. ಅಪ್ಪ ತಿಂಗಳುಗಟ್ಟಲೆ ನನ್ನ ಜೊತೆ ಮಾತುಬಿಟ್ಟರು, ಅಮ್ಮ ಅತ್ತಳು. ಮನೆಯಲ್ಲಿ ಅಕ್ಕ ಒಬ್ಬಳು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ‘ನೀನು ಮಾಡಿದ್ದೇ ಸರಿ. ನಿನ್ ಜಾಗದಲ್ಲಿ ನಾನಿದ್ರೂ ಬೇಡ ಅಂತಿದ್ದೆ’ ಎಂದಿದ್ದಳು. ಆಮೇಲೆ ಬೇರೆ ಸಂಬಂಧಗಳಿಗೂ ನಾನು ಮುಖ ಕೊಡಲಿಲ್ಲ. ಜ್ವರ ಬಂದು ಒಬ್ಬಳೇ ಮಲಗಿದ ದಿನಗಳಲ್ಲಿ, ಅಪ್ಪ ಅಮ್ಮ ಹೋದ ಮೇಲಿನ ಹಬ್ಬಗಳಲ್ಲಿ, ನಾನು ಮಾಡಿದ್ದು ಸರಿಯೇ ಎಂದು ಮನಸ್ಸು ಕೇಳಿದಾಗಲೆಲ್ಲ ನಾನು ತೆಗೆದು ತೋರಿಸುತ್ತಿದ್ದುದು ಆ ಒಂದು ಮಾತನ್ನೇ. ಸುಳ್ಳು ಹೇಳಲು ಬಾರದವಳು ಹೇಳಿದ ಮಾತು ಎಂದು.

“ಅಕ್ಕ, ಅವತ್ತು ದಾವಣಗೆರೆಯವ್ರನ್ನ ಬೇಡ ಅಂದಾಗ, ನಾನು ಮಾಡಿದ್ದೇ ಸರಿ ಅಂದ್ಯಲ್ಲ. ಅದು ನಿಂಗೆ ನಿಜವಾಗ್ಲೂ ಅನ್ಸಿತ್ತಾ? ಇಲ್ಲಾ ಅದೂ ಪಾಪ ಅಂತಾನಾ?”

ಅವಳು ತುರಿದ ಕಾಯಿಯನ್ನು ಕೈಯಿಂದ ಒಟ್ಟು ಮಾಡಿದಳು. ತಟ್ಟೆಯ ಅಂಚಿಗೆ ಅಂಟಿದ್ದನ್ನು ಬೆರಳಿನಿಂದ ಬಳಿದು ಮಧ್ಯಕ್ಕೆ ತಂದಳು.

“ಹಳೇದೆಲ್ಲ ಯಾಕೀಗ? ಕಾಫಿ ಮಾಡ್ಲಾ?” ಎಂದಳು.

ಬೇಡ ಎಂದು ಚಪ್ಪಲಿ ಮೆಟ್ಟಿದೆ. ಮೆಟ್ಟಿಲು ಅರ್ಧ ಇಳಿದಿದ್ದಾಗ ಅವಳು ಬಾಗಿಲಿಗೆ ಬಂದು ಹಿಂದಿನಿಂದ ಕರೆದಳು. “ನಿಜವಾಗ್ಲೂ ಅನ್ಸಿತ್ತು ಕಣೇ.”

ದನಿ ತುಂಬ ಮೆತ್ತಗಿತ್ತು. ನಿಜ ಹೇಳುವಾಗ ನನ್ನ ಅಕ್ಕನ ದನಿ ಹಾಗಿರುವುದಿಲ್ಲ.