ಒಂಬತ್ತು ಮೀಟರ್ ರಸ್ತೆ

ಗೆಳೆಯರೇ, ಇವತ್ತು ಲೇಔಟ್ ನಕ್ಷೆ ಮಂಜೂರಾತಿಯ ಸಭೆಯಲ್ಲಿ ನನ್ನ ಹೆಂಡತಿಯ ಸಮಾಧಿಯ ಮೇಲೆ ರಸ್ತೆ ಪಾಸಾಯಿತು.

ಮಲ್ಲಸಮುದ್ರದ ಹಾದಿಯಲ್ಲಿರುವ ಆ ಹೊಲ ತಮ್ಮನ ಪಾಲಿನದು. ಸತ್ತವರನ್ನು ಹೊಲದಲ್ಲೇ ಮಣ್ಣು ಮಾಡುವುದು ನಮ್ಮ ರೂಢಿ. ಈಗ ಅವನು ಅಲ್ಲಿ ಸೈಟು ಹಾಕುತ್ತಿದ್ದಾನೆ.

ಆಕ್ಷೇಪಣೆ ಇದೆಯೇ ಎಂದು ಕೇಳಿದಾಗ ಎದ್ದು ನಿಂತೆ.

“ಸರ್, ವಿತ್ ಡ್ಯೂ ರಿಸ್ಪೆಕ್ಟ್, ಐ ಆಬ್ಜೆಕ್ಟ್...” ಮುಂದಿನ ಇಂಗ್ಲಿಷ್ ಕಾಲೇಜಿನಲ್ಲೇ ಉಳಿದಿತ್ತು. “ಅಲ್ಲಿ ನನ್ನ ಹೆಂಡ್ತಿನ್ನ ಮಣ್ಣ ಮಾಡೇವ್ರಿ.”

ಅಧಿಕಾರಿ ನಕ್ಷೆಯ ಮೇಲೆ ಬೆರಳಾಡಿಸಿದರು. “ಸಮಾಧಿ ಎಲ್ಲೂ ತೋರ್ಸಿಲ್ಲಲ್ರಿ ಯಜಮಾನ್ರ. ಹೊಲದಾಗ ಏನರ ಗುರುತು ಐತೇನು?”

ತಮ್ಮನೇ ಉತ್ತರಿಸಿದ: “ಗುರುತು ಏನೂ ಇಲ್ರಿ ಸಾಹೇಬ್ರ.”

ಗುರುತು ಎಲ್ಲಿಂದ ಬರಬೇಕು? ಅಂದು ನಾನು ಕಟ್ಟೆ ಕಟ್ಟಿಸಲು ಇಟ್ಟಿಗೆ ತರಿಸಿದಾಗ, “ಬ್ಯಾಡೋ ಅಣ್ಣಾ, ಗಳೇ ಹೊಡ್ಯಾಕ ಅಡ್ಡ ಆಗ್ತೈತಿ” ಎಂದು ಗಾಡಿ ತಿರುಗಿಸಿ ಕಳಿಸಿದವನೂ ಇವನೇ. ಉಳುಮೆಗೆ ಅಡ್ಡಿ ಎಂಬುದು ಒಕ್ಕಲುತನದ ಮಾತು, ನಾನೂ ಹೂಂ ಅಂದಿದ್ದೆ.

ಹೊರಗೆ ಬಂದ ಮೇಲೆ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ: “ಸಿಟ್ಟಾಗಬ್ಯಾಡಣ್ಣಾ, ರಸ್ತೆಕ್ಕ ವೈನಿ ಹೆಸರ ಇಡೂಣು.”

ಅತ್ತಿಗೆಯ ಹೆಸರು ತಾನೇ, ಇಡಲಿ. ಒಂಬತ್ತು ಮೀಟರ್ ಅಗಲವಂತೆ. ಬದುಕಿದ್ದಾಗ ನಮ್ಮ ಮನೆಯಲ್ಲಿ ಆಕೆಗೆ ಅಷ್ಟು ಜಾಗ ಯಾರೂ ಕೊಟ್ಟಿರಲಿಲ್ಲ.